ಕೊಸರು ಕೇಳದವನು

"ಗುರುಗಳೇ, ಒಂದೇ ಜಾಗ ಮನಸ್ಸಿಗೆ ಹಿತವನ್ನೂ ಕೊಡುತ್ತದೆ, ನೋವನ್ನೂ ಕೊಡುತ್ತದೆ. ಎರಡರಲ್ಲಿ ಯಾವುದನ್ನು ನಂಬಬೇಕು?" ಎಂದು ಶಿಷ್ಯ ಕೇಳಿದ.

ಅವನು ಆಗ ತಾನೇ ಪಟ್ಟಣದಿಂದ ಬಂದಿದ್ದ. ಮಠದ ಅಡುಗೆಗೆ ಬೆಲ್ಲ ತರಲು ಕಳಿಸಿದ್ದರು. ಹೊಸದಾಗಿ ಆಗಿರುವ, ದಿನಸಿ ಸೊಪ್ಪು ಎಲ್ಲ ಸಿಗುವ ದೊಡ್ಡ ಗಾಜಿನ ಅಂಗಡಿಗೆ ಹೋಗಿದ್ದ. ಬೇಗ ಬರಬೇಕಾದವನು ಮಧ್ಯಾಹ್ನ ಕಳೆದು ಬಂದಿದ್ದ.

"ಒಳಗೆ ಇರುವಷ್ಟು ಹೊತ್ತು ಯಾವ ಚಿಂತೆಯೂ ಇರಲಿಲ್ಲ. ಹೊರಗೆ ಬಂದೆ, ಏನೋ ಬಿಟ್ಟು ಬಂದ ಹಾಗಾಯಿತು. ಚೀಲ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು" ಎಂದ.

ಈ ಶಿಷ್ಯ ತಾಯಿ ತೀರಿಕೊಂಡ ಮೇಲೆ ಮಠಕ್ಕೆ ಬಂದವನು. ಆಮೇಲೆ ಊರ ಕಡೆ ಹೋಗಿರಲಿಲ್ಲ. ಊರಿನ ಸಂತೆಯಲ್ಲಿ ಅವನ ತಾಯಿಯನ್ನು ಅರಿಯದವರು ಇರಲಿಲ್ಲ. ಮಠದಲ್ಲಿ ಯಾರೂ ಅವಳ ಬಗ್ಗೆ ಕೇಳಿರಲಿಲ್ಲ.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನೂ ಅವನ ಹೆಂಡತಿಯೂ ಜೊತೆಯಾಗಿ ಕಾಯಿಪಲ್ಲೆ ಪೇಟೆಗೆ ಹೋಗುತ್ತಿದ್ದರು. ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಒಬ್ಬಳಿದ್ದಳು. ಹೆಂಡತಿ ಅವಳ ಹತ್ತಿರವೇ ಕೊಳ್ಳುವುದು. ತೂಕ ಆದ ಮೇಲೂ ಏಳುತ್ತಿರಲಿಲ್ಲ. ಕೊಸರು ಕೇಳುತ್ತಿದ್ದಳು. ತೂಕದ ಮೇಲೆ ಎರಡು ಬದನೆಕಾಯಿ, ಒಂದು ಹಿಡಿ ಕರಿಬೇವು, ಇಷ್ಟು ಕೊತ್ತಂಬರಿ.

"ನಿನ್ನಂಥೋರು ನಾಲ್ಕು ಜನ ಬಂದ್ರೆ ನಾನು ಬರೀ ಬುಟ್ಟಿ ಹೊತ್ಕೊಂಡು ಮನೆಗೆ ಹೋಗ್ಬೇಕು" ಎನ್ನುತ್ತಿದ್ದಳು ಮಾರುವವಳು.

"ಹೋಗು. ತಲೆಗೆ ಹಗುರ ಆಗುತ್ತೆ" ಎನ್ನುತ್ತಿದ್ದಳು ಹೆಂಡತಿ.

ಇಬ್ಬರ ಬಾಯಿಯೂ ಜೋರು. ನೇಕಾರ ಚೀಲ ಹಿಡಿದು ದೂರ ನಿಲ್ಲುತ್ತಿದ್ದ. ಅವನಿಗೆ ನಾಚಿಕೆ. ಅವನು ಯಾರ ಹತ್ತಿರವೂ ಕೊಸರು ಕೇಳಿದವನಲ್ಲ. ಆದರೆ ಅವನ ಮನೆಗೆ ಕರಿಬೇವನ್ನು ಯಾವತ್ತೂ ಕಾಸು ಕೊಟ್ಟು ತಂದದ್ದಿಲ್ಲ.

ಆ ಊರಿನಲ್ಲೂ ಒಂದು ಗಾಜಿನ ಅಂಗಡಿ ಬಂತು. ಜನ ಅದನ್ನು ಬೈಯುತ್ತಿದ್ದರು. ಬೈದು ಅಲ್ಲಿಗೇ ಹೋಗುತ್ತಿದ್ದರು. ಹೆಂಡತಿ ಒಮ್ಮೆ ಹೊರಗೆ ನಿಂತು ಗಾಜಿಗೆ ಮೂಗು ಒತ್ತಿ ನೋಡಿದಳು. "ಚೆಂದ ಇದೆ. ಆದ್ರೆ ಅಲ್ಲಿ ಯಾರ ಹತ್ರ ಜಗಳ ಆಡೋದು?" ಎಂದಳು.

ಹೆಂಡತಿ ತೀರಿಕೊಂಡಳು.

ಮನೆಯಲ್ಲಿ ಕಾಯಿಪಲ್ಲೆ ಮುಗಿಯಿತು. ನೇಕಾರ ಚೀಲ ತೆಗೆದುಕೊಂಡು ಹೊರಟ. ಪೇಟೆಯ ಬಾಯಿಗೆ ಬಂದು ನಿಂತ. ಒಳಗೆ ಹೋದರೆ ಮಾರುವವಳು ಕೇಳುತ್ತಾಳೆ, ಹೆಂಡತಿ ಎಲ್ಲಿ ಎಂದು. ಹೇಳಬೇಕಾಗುತ್ತದೆ. ಆ ಮಾತನ್ನು ಅವನು ಇನ್ನೂ ಬಾಯಿ ಬಿಟ್ಟು ಆಡಿರಲಿಲ್ಲ. ನೆಂಟರಿಗೆಲ್ಲ ಬೇರೆಯವರೇ ಹೇಳಿದ್ದರು. ಅವನು ತಿರುಗಿ ನಡೆದ.

ದಾರಿಯಲ್ಲಿ ಗಾಜಿನ ಅಂಗಡಿ. ನೆಲ ಕನ್ನಡಿಯ ಹಾಗಿತ್ತು. ಅವನು ಚಪ್ಪಲಿ ಹೊರಗೆ ಬಿಟ್ಟ.

"ಯಜಮಾನ್ರೆ, ಇದು ಗುಡಿ ಅಲ್ಲ. ಹಾಕ್ಕೊಂಡೇ ಬನ್ನಿ" ಎಂದ ಕಾವಲಿನವನು. ನೇಕಾರ ಹಾಕಿಕೊಳ್ಳಲಿಲ್ಲ.

ಬಾಗಿಲು ತಾನೇ ಸರಿಯಿತು. ಒಳಗೆ ತಂಪು. ಎಲ್ಲಿಂದಲೋ ಸಣ್ಣಗೆ ಸಂಗೀತ. ಸೊಪ್ಪಿನ ಮೇಲೆ ಮಂಜು ಇಳಿಯುತ್ತಿತ್ತು. ಜನ ಇದ್ದರು, ಸದ್ದು ಇರಲಿಲ್ಲ. ನೀರಿನೊಳಗೆ ನಡೆದ ಹಾಗೆ ನಡೆಯುತ್ತಿದ್ದರು. ಯಾರೂ ಅವನನ್ನು ಏನೂ ಕೇಳಲಿಲ್ಲ. ತೂಕವನ್ನು ಯಂತ್ರ ಮಾಡಿತು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆ ಇಲ್ಲ.

ಅವನಿಗೆ ಹಿತವಾಯಿತು. ಮರುದಿನವೂ ಹೋದ. ಕೊಳ್ಳಲು ಏನೂ ಇಲ್ಲದ ದಿನವೂ ಹೋದ. ಅಲ್ಲಿ ಇರುವಷ್ಟು ಹೊತ್ತು ಹೆಂಡತಿ ಸತ್ತಿರುತ್ತಿರಲಿಲ್ಲ. ಪಕ್ಕದ ಸಾಲಿನಲ್ಲಿ ಏನೋ ನೋಡುತ್ತ ನಿಂತಿದ್ದಾಳೆ, ಈಗ ಬರುತ್ತಾಳೆ ಎನ್ನಿಸುತ್ತಿತ್ತು. ಹೊರಗೆ ಬಂದು ಚಪ್ಪಲಿ ಮೆಟ್ಟಿದ ಕೂಡಲೇ ಅವಳು ಸಾಯುತ್ತಿದ್ದಳು.

ಒಂದು ದಿನ ಅಲ್ಲಿ ಸಣ್ಣ ಡಬ್ಬಿಯೊಂದು ಕಂಡಿತು. ಒಳಗೆ ತೊಳೆದ ಕರಿಬೇವು. ಮೇಲೆ ಬೆಲೆ. ಅವನು ಅದನ್ನು ಹಿಡಿದು ಬಹಳ ಹೊತ್ತು ನಿಂತ. ಒಂದು ಎಲೆಯೂ ಬಾಡಿರಲಿಲ್ಲ. ಹೆಂಡತಿ ಇದನ್ನು ನೋಡಿದರೆ ಅಂಗಡಿಗೆಲ್ಲ ಕೇಳುವ ಹಾಗೆ ನಗುತ್ತಾಳೆ ಅಂದುಕೊಂಡ.

ದುಡ್ಡು ಕಟ್ಟುವಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಬದನೆಕಾಯಿ ಇಟ್ಟ. ಡಬ್ಬಿ ಇಟ್ಟ. ಅವನ ಬಾಯಿಂದ ತಾನಾಗಿ ಬಂತು.

"ಕೊಸರು ಇಲ್ವೇನಮ್ಮ?"

"ಅದು ಯಾವ ಕಂಪನಿದು ಸರ್?" ಎಂದಳು ಹುಡುಗಿ. ಒಳ್ಳೆಯ ಹುಡುಗಿ. ಎದ್ದು ಹೋಗಿ ಎಲ್ಲ ಸಾಲು ಹುಡುಕಿದಳು. ತಿರುಗಿ ಬಂದು, "ಖಾಲಿ ಆಗಿರ್ಬೇಕು ಸರ್. ನಾಳೆ ಬರುತ್ತೆ" ಎಂದಳು.

ನೇಕಾರನಿಗೆ ನಗು ಬಂತು. ನಗುತ್ತಲೇ ಪಕ್ಕಕ್ಕೆ ತಿರುಗಿದ, ಹೆಂಡತಿಗೆ ಹೇಳಲು. ಅಲ್ಲಿ ಯಾರೂ ಇರಲಿಲ್ಲ.

ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಬಂದ. ಚಪ್ಪಲಿ ಮೆಟ್ಟಿದ. ಪೇಟೆಗೆ ನಡೆದ.

ಮಾರುವವಳು ದೂರದಿಂದಲೇ ಕಂಡಳು.

"ಏನಣ್ಣ, ಒಬ್ನೇ? ನಮ್ಮ ಜಗಳಗಂಟಿ ಎಲ್ಲಿ? ತವರಲ್ಲೇ ಕೂತ್ಬಿಟ್ಳಾ?"

ನೇಕಾರ ಬುಟ್ಟಿಯ ಮುಂದೆ ಕೂತ. ಹೆಂಡತಿ ಕೂರುತ್ತಿದ್ದ ಜಾಗ ಅದು.

"ಇಲ್ಲವ್ವ. ಸತ್ತುಹೋದಳು" ಎಂದ.

ಮಾರುವವಳು ತಕ್ಕಡಿ ಎತ್ತಿಕೊಂಡಳು. ಬದನೆಕಾಯಿ ತೂಗಿದಳು. ಮೇಲೆ ಎರಡು ಹಾಕಿದಳು. ಒಂದು ಹಿಡಿ ಕರಿಬೇವು ಹಾಕಿದಳು. ಇನ್ನೊಂದು ಹಿಡಿ ಹಾಕಿದಳು. ಇನ್ನೊಂದು.

"ಸಾಕವ್ವ" ಎಂದ.

"ಸುಮ್ನಿರಣ್ಣ. ಅವಳಾಗಿದ್ರೆ ಇಷ್ಟಕ್ಕೆ ಬಿಡ್ತಿದ್ಲಾ?"

ನೇಕಾರ ಅತ್ತ. ಅವಳೂ ಅತ್ತಳು. ಅಳುತ್ತಲೇ ಬಂದವರಿಗೆ ತೂಗಿ ಕೊಟ್ಟಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅವನು ಆ ಗಾಜಿನ ಅಂಗಡಿಗೆ ಮತ್ತೆ ಹೋಗಲಿಲ್ಲವೇ?" ಎಂದ ಶಿಷ್ಯ.

"ಹೋಗದೆ ಏನು? ಬಿಸಿಲಿನ ದಿನ ಹೋಗುತ್ತಿದ್ದ. ಅಲ್ಲಿ ತಂಪಾಗಿರುತ್ತದೆ. ಚಪ್ಪಲಿ ಮಾತ್ರ ಹಾಕಿಕೊಂಡೇ ಹೋಗುತ್ತಿದ್ದ."

"ನಾನು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ ಗುರುಗಳೇ."

ಗುರುಗಳು ಅವನು ತಂದ ಬೆಲ್ಲದಲ್ಲಿ ಒಂದು ಚೂರು ಮುರಿದು ಅವನ ಕೈಯಲ್ಲಿಟ್ಟರು.

"ನಿಮ್ಮ ಊರಿನ ಸಂತೆ ಯಾವ ವಾರ?" ಎಂದು ಕೇಳಿದರು.

ಶಿಷ್ಯ ಬೆಲ್ಲವನ್ನು ಅಡುಗೆಮನೆಗೆ ಕೊಟ್ಟು, ಖಾಲಿ ಚೀಲವನ್ನು ಊರಿಗೆಂದು ಮಡಿಚಿಟ್ಟುಕೊಂಡ.