ಇದ್ದ ಹಾಗೋ, ಶೋಕೇಸಿನ ಹಾಗೋ

"ಸುಳ್ಳು ಅಂತ ಗೊತ್ತಿದ್ದೂ ಅದೇ ಬೇಕು ಅನ್ನಿಸುತ್ತಲ್ಲ, ಯಾಕೆ ಸರ್?"

ಹೀಗೆ ಕೇಳಿದವಳು ಹರ್ಷಿಣಿ. ಹತ್ತನೇ ತರಗತಿ ಮುಗಿಸಿ, ವರ್ಗಾವಣೆ ಪತ್ರ ತೆಗೆದುಕೊಂಡು ಹೋಗಲು ಶಾಲೆಗೆ ಬಂದಿದ್ದಳು. ಹೆಡ್‌ಮಾಸ್ಟರ ಸಹಿ ಆಗುವವರೆಗೆ ಕಾಯಬೇಕಿತ್ತು. ಕನ್ನಡ ಮೇಷ್ಟ್ರು ವರಾಂಡದ ಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದರು. ಅವಳೂ ಅಲ್ಲಿ ಹೋಗಿ ಕುಳಿತಳು.

"ಯಾವುದು ಸುಳ್ಳು?" ಎಂದರು ಮೇಷ್ಟ್ರು.

"ಎಲ್ಲಾ ಸರ್. ಟಿವಿಯಲ್ಲಿ ಕ್ರೀಮಿನ ಜಾಹೀರಾತು ಬರುತ್ತೆ. ಏಳು ದಿನಕ್ಕೆ ಮುಖ ಹೊಳೆಯುತ್ತೆ ಅಂತಾರೆ. ಹೊಳೆಯಲ್ಲ ಅಂತ ನಂಗೂ ಗೊತ್ತು, ಹೇಳೋಳಿಗೂ ಗೊತ್ತು. ಆದ್ರೂ ಎಂಟನೇ ದಿನ ಎದ್ದು ಕನ್ನಡಿ ನೋಡ್ತೀನಿ. ರೀಲ್ಸ್‌ನಲ್ಲಿ ಸಿನಿಮಾ ಹಾಡಿಗೆ ಕುಣಿಯೋ ಹುಡುಗೀರ ಮುಖ ಎಲ್ಲಾ ಒಂದೇ ಥರ ಇರುತ್ತೆ. ನೋಡಿ ನಗ್ತೀನಿ. ನಕ್ಕು, ನಾನೂ ಅದೇ ಫಿಲ್ಟರ್ ಹಾಕ್ಕೋತೀನಿ. ಲೈಕ್ ಬಂದ್ರೆ ಖುಷಿ. ಆಮೇಲೆ ಅನ್ನಿಸುತ್ತೆ, ಲೈಕ್ ಬಂದಿದ್ದು ನಂಗಲ್ಲ, ಫೋನಲ್ಲಿರೋ ಅವಳಿಗೆ ಅಂತ. ಅವಳನ್ನ ಕಂಡ್ರೆ ಹೊಟ್ಟೆಕಿಚ್ಚಾಗುತ್ತೆ ಸರ್."

ಅವಳು ಫೋನನ್ನು ಮೇಷ್ಟ್ರ ಕೈಗೆ ಕೊಟ್ಟಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೊ ನೋಡಿದರು. ಬಹಳ ಇದ್ದವು.

"ಫಿಲ್ಟರ್ ಇಲ್ಲದ್ದು ಒಂದೂ ಇಲ್ಲವೇನಮ್ಮ?"

"ಒಂದಿದೆ ಸರ್, ಆಧಾರ್ ಕಾರ್ಡಿನದು. ಅದನ್ನ ನೋಡಿದ್ರೆ ಪೊಲೀಸ್‌ನೋರು ಹುಡುಕ್ತಿರೋ ಕಳ್ಳಿ ಥರ ಇದೀನಿ. ಯಾರಿಗೂ ತೋರ್ಸಲ್ಲ."

ಮೇಷ್ಟ್ರು ನಕ್ಕರು. ಹರ್ಷಿಣಿಯೂ ನಕ್ಕು, ಮತ್ತೆ ಕೇಳಿದಳು: "ಅಲ್ಲ ಸರ್, ಫೋಟೊದಲ್ಲಿ ನಾನೊಂಚೂರು ಚೆಂದ ಕಂಡ್ರೆ ಯಾರಿಗೆ ಏನು ನಷ್ಟ?"

ಮೇಷ್ಟ್ರು ಫೋನನ್ನು ಹಿಂತಿರುಗಿಸಲಿಲ್ಲ. ಕೈಯಲ್ಲೇ ಇಟ್ಟುಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಫೋಟೊಗ್ರಾಫರ್ ಇದ್ದನು. ಮೊಬೈಲ್ ಬಾರದ ಕಾಲ. ಊರಿಗೆಲ್ಲ ಅವನದೊಂದೇ ಸ್ಟುಡಿಯೊ. ಅಂಗಡಿಯ ಮುಂದೆ ಗಾಜಿನ ಶೋಕೇಸು ಇತ್ತು. ಅದರಲ್ಲಿ ಒಬ್ಬ ಹೆಂಗಸಿನ ದೊಡ್ಡ ಫೋಟೊ ಇತ್ತು. ಅವಳ ಮುಖದಲ್ಲಿ ಒಂದು ಕಲೆ ಇರಲಿಲ್ಲ, ಒಂದು ಗೆರೆ ಇರಲಿಲ್ಲ. ಅವಳು ಯಾರೆಂದು ಊರಿನವರಿಗೆ ಗೊತ್ತಿರಲಿಲ್ಲ. ಫೋಟೊಗ್ರಾಫರನಿಗೂ ಗೊತ್ತಿರಲಿಲ್ಲ. ಜಾಹೀರಾತಿಗೆ ಇರಲಿ ಎಂದು ಬೇರೆ ಊರಿನ ಸ್ಟುಡಿಯೊದಿಂದ ತಂದು ಇಟ್ಟಿದ್ದನು.

ಫೋಟೊ ತೆಗೆಸಲು ಬಂದವರನ್ನು ಅವನು ಒಂದೇ ಮಾತು ಕೇಳುತ್ತಿದ್ದನು. "ಇದ್ದ ಹಾಗೋ, ಶೋಕೇಸಿನ ಹಾಗೋ?"

ಎಲ್ಲರೂ ಶೋಕೇಸಿನ ಹಾಗೆ ಎನ್ನುತ್ತಿದ್ದರು. ಆಗ ಅವನು ನೆಗೆಟಿವನ್ನು ಬೆಳಕಿಗೆ ಹಿಡಿದು, ಚೂಪಾದ ಪೆನ್ಸಿಲಿನಿಂದ ಮುಖದ ಕಲೆಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದನು. ಪ್ರಿಂಟು ಹಾಕಿದಾಗ ಮುಖ ನುಣ್ಣಗೆ ಬರುತ್ತಿತ್ತು. ಇದಕ್ಕೆ ಟಚಿಂಗ್ ಎನ್ನುತ್ತಿದ್ದರು. ಟಚಿಂಗಿನಲ್ಲಿ ಅವನ ಕೈ ಪಳಗಿತ್ತು. ಮುಖ ಸರಿ ಬಂದಿಲ್ಲ ಎಂದು ಯಾರೂ ತಿರುಗಿ ಬಂದದ್ದಿಲ್ಲ.

ಅದೇ ಊರಿನಲ್ಲಿ ಹಾಲು ಮಾರುವ ಒಬ್ಬ ಹೆಂಗಸು ಇದ್ದಳು. ಚಿಕ್ಕಂದಿನಲ್ಲಿ ಸಿಡುಬು ಎದ್ದು ಅವಳ ಮುಖದ ತುಂಬ ಕಲೆ ಉಳಿದಿತ್ತು. ಅವಳಿಗೆ ಹದಿನಾಲ್ಕು ವರ್ಷದ ಒಬ್ಬಳೇ ಮಗಳು. ತಾಯಿ ಹಾಲು ಹಾಕುವ ಮನೆಗಳ ಹುಡುಗಿಯರೇ ಮಗಳ ಜೊತೆ ಓದುತ್ತಿದ್ದರು. ಒಂದು ದಿನ ಅವರಲ್ಲಿ ಒಬ್ಬಳು ಎಲ್ಲರ ಮುಂದೆ, "ನಿಮ್ಮಮ್ಮನ ಮುಖ ರಾಗಿ ರೊಟ್ಟಿ ಥರ ಇದೆ ಕಣೇ, ಬೆರಳು ಒತ್ತಿದ್ದೆಲ್ಲ ಕಾಣುತ್ತೆ" ಎಂದಳು. ಎಲ್ಲರೂ ನಕ್ಕರು. ಮಗಳೂ ನಕ್ಕಳು.

ಅಂದು ಸಂಜೆ ಅವಳು ಶೋಕೇಸಿನ ಮುಂದೆ ಬಹಳ ಹೊತ್ತು ನಿಂತಳು. ನನಗೆ ಇಂಥ ಅಮ್ಮ ಇರಬೇಕಿತ್ತು ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಮರುದಿನವೂ ಹೋಗಿ ಅಲ್ಲೇ ನಿಂತಳು.

ಕೊನೆಗೆ ಅವಳು ತಾಯಿಯ ಜೊತೆ ಫೋಟೊ ತೆಗೆಸಬೇಕೆಂದು ಹಟ ಹಿಡಿದಳು. "ನನ್ನ ಮೂತಿಗೆ ಫೋಟೊ ಒಂದು ಕೇಡು" ಎಂದಳು ತಾಯಿ. ಆದರೂ ಮಗಳ ಮಾತಿಗೆ ಒಪ್ಪಿದಳು. ಮಗಳಿಗೆ ಎರಡು ಜಡೆ ಹಾಕಿ, ಮಡಿಸಿ, ರಿಬ್ಬನ್ ಕಟ್ಟಿದಳು. ಇದ್ದ ಒಂದೇ ಒಳ್ಳೆಯ ಸೀರೆ ಉಟ್ಟಳು. ಇಬ್ಬರೂ ಸ್ಟುಡಿಯೊದ ಪರದೆಯ ಮುಂದೆ ಕೈ ಹಿಡಿದು ನಿಂತರು.

"ಇದ್ದ ಹಾಗೋ, ಶೋಕೇಸಿನ ಹಾಗೋ?" ಎಂದನು ಫೋಟೊಗ್ರಾಫರ್.

ತಾಯಿ ಬಾಯಿ ತೆರೆಯುವ ಮೊದಲೇ ಮಗಳು, "ಶೋಕೇಸಿನ ಹಾಗೆ. ಅಮ್ಮನದು ಒಂದು ಕಲೆಯೂ ಕಾಣಬಾರದು" ಎಂದಳು.

ತಾಯಿ ಮಗಳ ಕಡೆ ಒಮ್ಮೆ ನೋಡಿದಳು. ಕ್ಯಾಮೆರಾದ ಕಡೆ ತಿರುಗಿದಳು.

ವಾರದ ನಂತರ ಫೋಟೊ ಬಂತು. ತಾಯಿ ಅದನ್ನು ಕೈಗೆ ತೆಗೆದುಕೊಂಡು ಜೋರಾಗಿ ನಕ್ಕಳು. "ಯಾರೇ ಇವಳು? ಬಲು ಚೆಂದ ಇದ್ದಾಳೆ. ನಿಮ್ಮಪ್ಪನಿಗೆ ತೋರಿಸಬೇಡ, ಇವಳನ್ನ ಹುಡುಕ್ಕೊಂಡು ಹೊರಟುಬಿಟ್ಟಾರು." ಮಗಳು ಫೋಟೊಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಮನೆಗೆ ಬಂದ ಗೆಳತಿಯರಿಗೆ ಅದನ್ನೇ ತೋರಿಸಿದಳು. ಅಂದಿನಿಂದ ತಾಯಿ ಹಾಲು ಹಾಕಲು ಹೋದಲ್ಲೆಲ್ಲ ಸೆರಗನ್ನು ಕೆನ್ನೆಗೆ ಎಳೆದುಕೊಳ್ಳತೊಡಗಿದಳು. ಅದಕ್ಕೆ ಮೊದಲು ಅವಳಿಗೆ ಆ ಅಭ್ಯಾಸ ಇರಲಿಲ್ಲ.

ಎರಡು ವರ್ಷ ಕಳೆದು ತಾಯಿ ಜ್ವರ ಬಂದು ತೀರಿಕೊಂಡಳು. ಬೇರೆ ಫೋಟೊ ಇರಲಿಲ್ಲ. ಮಗಳು ಆ ಫೋಟೊಗೇ ಹಾರ ಹಾಕಿದಳು. ಗಾಜಿನ ಮೇಲೆ, ತಾಯಿಯ ಹಣೆಯ ಜಾಗದಲ್ಲಿ, ಕುಂಕುಮ ಇಟ್ಟಳು. ಮಾತಾಡಿಸಲು ಬಂದ ನೆಂಟರು, ಎಷ್ಟು ಲಕ್ಷಣವಾಗಿದ್ದಾಳೆ ನೋಡಿ ಎಂದರು.

ಹನ್ನೆರಡು ವರ್ಷ ಕಳೆಯಿತು. ಮಗಳಿಗೆ ಮದುವೆಯಾಯಿತು, ಮಗುವಾಯಿತು. ಮಗುವಿನ ತಲೆ ಬಾಚುವಾಗ ಅವಳಿಗೆ ತಾಯಿಯ ನೆನಪು ಬರುತ್ತಿತ್ತು. ಜಡೆ ಎಳೆದು ಕಟ್ಟುತ್ತಿದ್ದ ಕೈ ನೆನಪಿಗೆ ಬರುತ್ತಿತ್ತು. ಹಾಲಿನ ಕ್ಯಾನಿನ ಸದ್ದು ಬರುತ್ತಿತ್ತು. ಹೊತ್ತಾಯಿತು ಏಳೇ ಎನ್ನುವ ದನಿ ಬರುತ್ತಿತ್ತು. ಮುಖ ಮಾತ್ರ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಮುಖದ ಜಾಗದಲ್ಲಿ ಗೋಡೆಯ ಮೇಲಿನ ಫೋಟೊ ಬಂದು ನಿಲ್ಲುತ್ತಿತ್ತು. ಅದು ಗದರುತ್ತಿರಲಿಲ್ಲ, ನಗುತ್ತಿರಲಿಲ್ಲ. ಸುಮ್ಮನೆ ಚೆಂದವಾಗಿರುತ್ತಿತ್ತು.

ಒಂದು ದಿನ ಅವಳು ಬಸ್ಸು ಹತ್ತಿ ಊರಿಗೆ ಬಂದು ಸ್ಟುಡಿಯೊಗೆ ಹೋದಳು. ಫೋಟೊಗ್ರಾಫರ್ ಮುದುಕನಾಗಿದ್ದನು. ಶೋಕೇಸಿನ ಹೆಂಗಸು ಹಾಗೇ ಇದ್ದಳು.

"ನಮ್ಮಮ್ಮನ ಫೋಟೊ ಇನ್ನೊಂದು ಪ್ರಿಂಟು ಬೇಕು" ಎಂದು ತಾಯಿಯ ಗುರುತು ಹೇಳಿದಳು. ಅವನು ಯಾವ ನೆಗೆಟಿವನ್ನೂ ಎಸೆದವನಲ್ಲ. ಒಳಗೆ ಹೋಗಿ ಹುಡುಕಿ ತಂದನು. ಕೇಳಿ ಕೇಳಿ ರೂಢಿಯಾಗಿದ್ದ ಮಾತನ್ನೇ ಕೇಳಿದನು. "ಇದ್ದ ಹಾಗೋ, ಶೋಕೇಸಿನ ಹಾಗೋ?"

"ಇದ್ದ ಹಾಗೆ" ಎಂದಳು.

ಅವನು ತಲೆಯೆತ್ತಿ ನೋಡಿದನು. ಹಾಗೆ ಹೇಳಿದವರನ್ನು ಅವನು ಕಂಡಿರಲಿಲ್ಲ. ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ, ತಾನು ಹಾಕಿದ್ದ ಪೆನ್ಸಿಲಿನ ಗುರುತನ್ನೆಲ್ಲ ನೆಗೆಟಿವಿನಿಂದ ಒರೆಸಿ ತೆಗೆದನು. ಪ್ರಿಂಟು ಹಾಕಿ, ಒಣಗಿಸಿ, ತಂದು ಕೊಟ್ಟನು. ಅಲ್ಲಿಯವರೆಗೆ ಅವಳು ಬಾಗಿಲಲ್ಲೇ ನಿಂತಿದ್ದಳು. ಎರಡು ಕೈಯಲ್ಲಿ ಫೋಟೊ ತೆಗೆದುಕೊಂಡಳು. ನೋಡಿದಳು. ನೋಡಿ ವಾಪಸ್ಸು ಕೊಟ್ಟಳು.

"ಇದಲ್ಲ. ಬೇರೆ ಯಾರದೋ ಕೊಟ್ಟಿದ್ದೀರಿ."

ಫೋಟೊಗ್ರಾಫರ್ ಫೋಟೊವನ್ನು ಮೇಜಿನ ಮೇಲೆ ಇಟ್ಟನು. ಎರಡು ಜಡೆಯ ಹುಡುಗಿಯ ಮೇಲೆ ಬೆರಳಿಟ್ಟು, "ಈ ಹುಡುಗಿ ಯಾರಮ್ಮ?" ಎಂದನು.

"ನಾನು."

"ನಿನ್ನ ಕೈ ಹಿಡಿದುಕೊಂಡಿರೋರು?"

ಅವಳು ಫೋಟೊವನ್ನು ಬಾಗಿಲಿನ ಬೆಳಕಿಗೆ ಒಯ್ದು ಮತ್ತೆ ನೋಡಿದಳು. ತನ್ನ ರಿಬ್ಬನ್ ಗುರುತು ಸಿಕ್ಕಿತು. ಸೀರೆ ಗುರುತು ಸಿಕ್ಕಿತು. ತನ್ನ ಬೆರಳುಗಳನ್ನು ಹಿಡಿದ ಕೈ ಗುರುತು ಸಿಕ್ಕಿತು. ಮುಖ ಸಿಗಲಿಲ್ಲ. ಹದಿನಾರು ವರ್ಷ ತನ್ನನ್ನು ಎಬ್ಬಿಸಿ, ತಲೆ ಬಾಚಿ, ಉಣ್ಣಿಸಿ ಕಳಿಸಿದ ಆ ಮುಖ ಅವಳಿಗೆ ಯಾರೋ ದಾರಿಯಲ್ಲಿ ಹೋಗುವವರದಾಗಿ ಕಂಡಿತು.

ಅವಳು ಫೋಟೊವನ್ನು ಮನೆಗೆ ತಂದಳು. ಗೋಡೆಯ ಫೋಟೊವನ್ನು ಇಳಿಸಿ ಅದೇ ಮೊಳೆಗೆ ಇದನ್ನು ಹಾಕಿದಳು. ದಿನವೂ ಬೆಳಿಗ್ಗೆ ಅದರ ಮುಂದೆ ನಿಂತು, ಹೊಸದಾಗಿ ಮನೆಗೆ ಬಂದವರನ್ನು ಮಾತಾಡಿಸುವ ಹಾಗೆ, "ಅಮ್ಮಾ" ಎಂದು ಕರೆದು ನೋಡುತ್ತಿದ್ದಳು.

ಮೇಷ್ಟ್ರು ಕತೆ ನಿಲ್ಲಿಸಿದರು.

ಒಳಗಿನಿಂದ ಹರ್ಷಿಣಿಯ ಹೆಸರು ಕೂಗಿದರು. ಸಹಿ ಆಗಿತ್ತು. ಅವಳು ಏಳಲಿಲ್ಲ.

"ಆಮೇಲೆ ಗುರುತು ಸಿಕ್ತಾ ಸರ್ ಅವಳಿಗೆ?"

ಮೇಷ್ಟ್ರು ಅವಳ ಫೋನನ್ನು ಅವಳ ಕೈಯಲ್ಲಿಟ್ಟರು.

"ಆ ಆಧಾರ್ ಕಾರ್ಡನ್ನು ಜೋಪಾನ ಮಾಡು ಹರ್ಷಿಣಿ, ನಿನ್ನನ್ನು ಹುಡುಕಿಕೊಂಡು ಬರುವವರಿಗೆ ಉಳಿದಿರುವುದು ಅದೊಂದೇ."