ತಣ್ಣೀರಿನಲ್ಲಿ ಬಿಟ್ಟ ಅಂಟು

ಬಸರಿಮಠದಲ್ಲಿ ಪೂಜ್ಯ ಶ್ರೀ ಶಿವಬೋಧ ಅಜ್ಜನವರು ಇದ್ದ ಕಾಲದ ಮಾತಿದು. ದೇವರ ಚಿತ್ರವಿರುವ ಹಳೆಯ ಕ್ಯಾಲೆಂಡರು, ಲಗ್ನಪತ್ರಿಕೆಗಳನ್ನು ತಿಪ್ಪೆಗೆ ಎಸೆಯಲು ಯಾರಿಗೆ ತಾನೆ ಮನಸ್ಸು ಬಂದೀತು? ಸುತ್ತಲಿನ ಊರವರು ಹರಕು ಪುಸ್ತಕಗಳ ಸಮೇತ ಅವನ್ನೆಲ್ಲ ಮಠದ ಕಟ್ಟೆಯ ಮೇಲಿಟ್ಟು ಕೈಮುಗಿದು ಹೋಗುತ್ತಿದ್ದರು. ಪೂಜ್ಯರು ಹಿತ್ತಿಲ ಕಲ್ಲುತೊಟ್ಟಿಯಲ್ಲಿ ನೆನೆಹಾಕಿ, ಕೈಯಾರೆ ಕಿವುಚಿ, ಕಸ ತೆಗೆದು, ಪಾಠಶಾಲೆಯ ಮಕ್ಕಳಿಗೆ ಹಾಳೆ ಮಾಡಿಕೊಡುತ್ತಿದ್ದರು. ಗದ್ದುಗೆಗಿಂತ ಆ ತೊಟ್ಟಿಯ ಬಳಿಯೇ ಅವರ ದರ್ಶನ ಹೆಚ್ಚು.

ಒಂದು ಮುಂಜಾನೆ ಅಲ್ಲಿಗೆ ಮುರಿಗೆಪ್ಪ ಬಂದನು. ಹತ್ತಿರದ ಕಾಗದದ ಗಿರಣಿಯಲ್ಲಿ ರದ್ದಿ ಅರೆಯುವ ವಿಭಾಗದ ಮೇಸ್ತ್ರಿ. ಕೆಲಸದಲ್ಲಿ ಗಟ್ಟಿಗ, ಬಾಯಿ ಮಾತ್ರ ಬೆಂಕಿ. ಹದಿನೈದು ದಿನದಿಂದ ಗಿರಣಿಯ ಹಾಳೆಯ ತುಂಬ ಅಂಟಿನ ಚುಕ್ಕೆ ಏಳುತ್ತಿದ್ದವು. ಉರುಳೆಗೆ ಹತ್ತಿಕೊಂಡು ಹಾಳೆ ಪರಪರ ಹರಿಯುತ್ತಿತ್ತು. ಹಳೆಯ ಪುಸ್ತಕಗಳ ಹಾಳೆ ಹಿಡಿದಿಡುವ ಅಂಟುಬೆನ್ನು ಕೀಳದೆ ಬಿಟ್ಟಿದ್ದಾಳೆಂದು, ಇಪ್ಪತ್ತು ವರ್ಷ ರದ್ದಿ ಆರಿಸಿದ ತಿಪ್ಪವ್ವನೆಂಬ ವಿಧವೆಯನ್ನು ಅವನು ನಾಲ್ಕು ಜನರೆದುರು ಬೈದು ಹೊರಗೆ ಹಾಕಿದ್ದನು. ಆಕೆಯ ಮನೆಯ ಒಲೆ ಆರಿತೇ ಹೊರತು ಚುಕ್ಕೆ ನಿಲ್ಲಲಿಲ್ಲ! ಇಂದೂ ಹಾಳೆ ಕೆಟ್ಟರೆ ವಿಭಾಗವನ್ನೇ ಮುಚ್ಚುವೆನೆಂದು ಮಾಲೀಕರು ಹೇಳಿದ್ದರು. ಹೆಂಡತಿಯ ಕಾಟಕ್ಕೆ ಮಠಕ್ಕೆ ಬಂದನೇ ವಿನಾ, ಕಾವಿಯವರಿಗೆ ಗಿರಣಿಯ ಗೊಡವೆ ಏನು ತಿಳಿದೀತೆಂಬುದೇ ಅವನ ಲೆಕ್ಕ.

ಪೂಜ್ಯರು ಎಲ್ಲವನ್ನೂ ಕೇಳಿ, “ರದ್ದಿ ಅರಿಯೂ ನೀರು ಹ್ಯಾಂಗಿರತದ?” ಎಂದರು.

“ಸುಡುಸುಡು ಕಾಸ್ತೀನ್ರಿ. ಹದಿನೈದು ದಿನ ಆತು, ಉಗಿ ಹೆಚ್ಚಿಗಿ ಬಿಡಾಕ ಹತ್ತೀನಿ. ಎರಡ ತಾಸಿನ ಕೆಲಸ ಅರ್ಧ ತಾಸಿಗೆ ಮುಗೀತದ!”

ತಾನೇನು ಹೇಳಿದೆನೆಂಬುದು ಆ ಪುಣ್ಯಾತ್ಮನಿಗೇ ತಿಳಿಯಲಿಲ್ಲ. ಪೂಜ್ಯರು ದಾಸೋಹದ ಒಲೆಯಿಂದ ಒಂದು ಕೊಡ ಬಿಸಿನೀರು ತರಿಸಿದರು. ಒಂದೇ ಪುಸ್ತಕವನ್ನು ಎರಡು ಮಾಡಿ ಅರ್ಧ ಬಿಸಿನೀರಿಗೆ, ಅರ್ಧ ತೊಟ್ಟಿಯ ತಣ್ಣೀರಿಗೆ ಹಾಕಿ, ಕಿವುಚಿ ಜರಡಿಗೆ ಸುರಿಯಲು ಅವನಿಗೇ ಹೇಳಿದರು. ಬಿಸಿನೀರಿನಲ್ಲಿ ಅಂಟು ಕ್ಷಣಕ್ಕೆ ಮಾಯವಾಯಿತು. “ಹೋತು ನೋಡ್ರಿ!” ಎಂದು ಅವನು ಹಿಗ್ಗಿದನು. ಆದರೆ ಜರಡಿಯಿಂದ ಇಳಿದ ಕಾಗದದ ಗಂಜಿ ಆರುತ್ತಲೇ ಚುಕ್ಕೆಚುಕ್ಕೆಯಾಗಿ ಅದೇ ಅಂಟು ಅವನ ಬೆರಳಿಗೆ ಹತ್ತಿತು. ತಣ್ಣೀರಿನದು ತಡವಾಯಿತು, ಆದರೆ ಅಂಟುಬೆನ್ನು ಹರಿಯದೆ, ಇಡಿಯಾಗಿ ಜರಡಿಯ ಮೇಲೆ ಕುಳಿತಿತು.

“ಬಿಸಿಗೆ ಹೋಗಲಿಲ್ಲ ತಮ್ಮಾ, ಅಡಗಿತು. ತಣ್ಣಗಿದ್ದಾಗ ಜರಡಿ ಹಿಡೀತಿತ್ತು. ತಿಪ್ಪವ್ವ ಏನ ಮಾಡ್ಯಾಳು?”

ಮುರಿಗೆಪ್ಪ ಎದ್ದವನೇ ನೆಟ್ಟಗೆ ತಿಪ್ಪವ್ವನ ಮನೆಗೆ ಹೋದನು. ಅಂದು ಬೈಗುಳ ಕೇಳಿದ ನಾಲ್ವರನ್ನೂ ಕರೆಸಿ, ಅವರೆದುರೇ, “ತಪ್ಪು ನಂದವ್ವ, ನೀರು ಕಾಸಿದಾಂವ ನಾನು,” ಎಂದನು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಜರಡಿಯರೆ ತೊಳದೀಯೋ ಇಲ್ಲೋ?” ಎಂದು ಕೇಳಿ, ಅವನಿಗಿಂತ ಮುಂದೆ ನಡೆದಳು.

ಅಂದು ಗಿರಣಿಯಲ್ಲಿ ತಣ್ಣೀರಿನಲ್ಲೇ ರದ್ದಿ ಅರೆದರು; ಸಂಜೆಗೆ ಹಾಳೆ ಚುಕ್ಕೆಯಿಲ್ಲದೆ ಹಾಲಿನಂತೆ ಇಳಿಯಿತು. ಮುರಿಗೆಪ್ಪ ಮೊದಲ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮಠಕ್ಕೆ ಓಡಿದನು.

ಪೂಜ್ಯರು ಹಾಳೆಯತ್ತ ನೋಡಲೇ ಇಲ್ಲ. “ತಿಪ್ಪವ್ವ ಬಂದಳೇನು?” ಎಂದರು.

“ಬಂದಾಳ್ರಿ ಯಪ್ಪಾ,” ಎಂದು ಬೆಂಕಿಬಾಯಿಯ ಮುರಿಗೆಪ್ಪ ಅವರ ಒದ್ದೆ ಪಾದಗಳ ಮೇಲೆ ತಲೆಯಿಟ್ಟು ಅತ್ತನು.