ಕರಡಿ ತೋರಿಸಿದ ಎಲೆಅಡಿಕೆ

"ಹೆಂಗಸು ನಡೆಸೋ ದೋಣಿಗೆ ಯಾರು ಹತ್ತುತ್ತಾರೆ?" ಎಂದು ಸೋದರಮಾವ ನಕ್ಕಿದ್ದ. ಹುಟ್ಟು ಹಾಕಿ ನಡೆಸುವ ಅಪ್ಪನ ದೋಣಿಯಲ್ಲೇ, ದಡದ ಕಾಡಿನ ಕರಡಿ ತೋರಿಸುವ ಹಿನ್ನೀರಿನ ವಿಹಾರ ಶುರುಮಾಡಿದೆ. ಮೊದಲು ಹತ್ತಿದವರೇ ಲೈಸೆನ್ಸ್ ಕೊಡುವ ಸಾಹೇಬರು.

"ಇವತ್ತು ಕರಡಿ ಕಾಣದಿದ್ದರೆ ನಿನ್ನ ಲೈಸೆನ್ಸ್ ರದ್ದು," ಎಂದವರು ತಮ್ಮ ಶೌರ್ಯದ ಕತೆ ತೆಗೆದರು. ಆ ಗಂಟಲಿಗೆ ದಡದ ಕೊಕ್ಕರೆಗಳೂ ಎದ್ದುಹೋದವು.

ಹೊಗೆಸೊಪ್ಪು ಸೇರಿಸಿ, ಬಾಯಿ ತುಂಬುವಷ್ಟು ಎಲೆಅಡಿಕೆ ಮಡಿಸಿಕೊಟ್ಟೆ. ಅವರು ಖುಷಿಯಿಂದ ಹಾಕಿಕೊಂಡ ಮೇಲೆ ಹೇಳಿದೆ: "ನೀರಿಗೆ ಉಗುಳಿದರೆ ದಂಡ ಸಾಹೇಬ್ರೆ. ಬೋರ್ಡು ಹಾಕಿಸಿದ್ದು ತಾವೇ."

ದೋಣಿ ನಿಶ್ಶಬ್ದವಾಯಿತು. ತುಸು ಹೊತ್ತಿಗೆ ತಾಯಿಕರಡಿಯೊಂದು ಮರಿಯನ್ನು ಬೆನ್ನಮೇಲೆ ಹೊತ್ತು ನೀರಿಗೆ ಬಂತು. ಸಾಹೇಬರು ಕಣ್ಣರಳಿಸಿ, "ಉಂ! ಉಂ!" ಎಂದರು.

"ಕಂಡೆ ಸಾಹೇಬ್ರೆ. ನುಂಗಬೇಡಿ."

ಈಗ ನನಗೆ ಎರಡು ಮೋಟಾರು ದೋಣಿಗಳಿವೆ. ಅವಕ್ಕಾಗಿ ಅಪ್ಪನ ದೋಣಿ ಮಾರಿದೆ. ಇವುಗಳ ಸದ್ದಿಗೆ, ಯಾರ ಬಾಯಿಗೆ ಎಲೆಅಡಿಕೆ ಕೊಟ್ಟರೂ ಕರಡಿ ಬರುವುದಿಲ್ಲ.